ಇಲಿ ಬಿದ್ದದ್ದನ್ನು ಮುಚ್ಚಿಟ್ಟ ಎರಡು ದಿನ

ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದ ಮೇಲೆ ಕೂಲಿಗೆ ಬಂದವರಿಗೆ ಮಲಗಲು ಜಾಗವಿರಲಿಲ್ಲ. ಊರ ಪಕ್ಕದ ಗುತ್ತಲಿನಲ್ಲಿ ನಮ್ಮ ಮನೆಯ ಹಿತ್ತಲು ಖಾಲಿ ಬಿದ್ದಿತ್ತು. ನನ್ನ ಗಂಡ ಕಬ್ಬಿನ ಗಾಡಿ ಹೊಡೆದು ತಂದ ದುಡ್ಡಿನಲ್ಲಿ ಒಂದು ಕೋಣೆ ಹಾಕಿಸಿ ಬಾಡಿಗೆಗೆ ಕೊಟ್ಟೆವು. ಆ ಬಾಡಿಗೆಯಲ್ಲಿ ನಾನು ಒಂದು ಕುಬಸವನ್ನೂ ತೆಗೆಯಲಿಲ್ಲ. ಎರಡನೆಯ ಕೋಣೆಗೆ ಮೂರು ವರ್ಷ ಹಿಡಿಯಿತು. ಎರಡರ ಬಾಡಿಗೆ ಸೇರಿ ಮೂರನೆಯದು ಬೇಗ ಎದ್ದಿತು, ಮೂರರದ್ದು ಸೇರಿ ನಾಲ್ಕನೆಯದು ಇನ್ನೂ ಬೇಗ. ನನಗೆ ಬರುವುದು ನಾಲ್ಕಕ್ಷರ, ಆದರೆ ಈ ಲೆಕ್ಕ ಚೆನ್ನಾಗಿ ಹತ್ತಿತು. ಅದರ ಜೊತೆಗೆ ಆಸೆಯೂ ಹತ್ತಿತು.

ಐದನೆಯದಕ್ಕೆ ಕಾಯಲಾರದೆ ನಾಲ್ಕನೆಯ ಕೋಣೆಯನ್ನು ಮಳವಳ್ಳಿ ಕಡೆಯ ಗಂಡಹೆಂಡಿರಿಗೆ ಭೋಗ್ಯಕ್ಕೆ ಕೊಟ್ಟೆ. ಭೋಗ್ಯವೆಂದರೆ ತಿಂಗಳ ಬಾಡಿಗೆ ಇಲ್ಲ. ಒಟ್ಟಿಗೇ ದುಡ್ಡು ಕೊಟ್ಟು ಇರುತ್ತಾರೆ, ಬಿಡುವ ದಿನ ಅಷ್ಟನ್ನೂ ವಾಪಸು ಕೊಡಬೇಕು. ಅವಳು ಒಡವೆ ಮಾರಿ ತಂದ ದುಡ್ಡು ಅದು. ಎಲ್ಲವನ್ನೂ ಐದನೆಯ ಕೋಣೆಯ ಗೋಡೆಗೆ ಸುರಿದೆ.

ಗೋಡೆ ಎದೆಮಟ್ಟ ಬಂದಿತ್ತು. ಒಂದು ಬೆಳಿಗ್ಗೆ ಗುಡಿಸುವಾಗ ನಾಲ್ಕನೆಯ ಕೋಣೆಯ ಜಗುಲಿ ಕೆಳಗೆ ಇಲಿ ಸತ್ತು ಬಿದ್ದಿತ್ತು. ಬೆಕ್ಕು ಕಚ್ಚಿದ ಗುರುತಿಲ್ಲ. ಇಲಿ ಬಿದ್ದರೆ ಪಿಲೇಗು ಬಂತೆಂದೇ ಅರ್ಥ. ಬಾಯಿ ಬಿಟ್ಟರೆ ಅವತ್ತೇ ಕೋಣೆಗಳೆಲ್ಲ ಖಾಲಿ. ಜನ ಹೊಲದಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದುಬಿಡುತ್ತಿದ್ದರು. ಭೋಗ್ಯದವರು ದುಡ್ಡು ಕೇಳಿದರೆ ಗೋಡೆ ಒಡೆದು ಕೊಡಲಾಗುತ್ತದೆಯೇ?

ಇಲಿಯನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲ ಮೂಲೆಗೆ ಒಯ್ದು ಸೀಮೆಎಣ್ಣೆ ಹಾಕಿ ಸುಟ್ಟೆ. ಗಂಡನಿಗೆ ಹೇಳಿದೆ.

“ಸುಮ್ಕಿರಮ್ಮಿ, ಒಂದ್ ಇಲಿ ಸತ್ರೆ ಊರೇ ಗುಳೆ ಓಗ್ಬೇಕಾ?” ಅಂದ. ಅಂದವನು ತಾನು ಮಾತ್ರ ಹಾಸಿಗೆಯನ್ನು ಗಾಡಿಗೆ ಸಾಗಿಸಿದ.

ಮಾರನೆಯ ದಿನ ಇನ್ನೆರಡು ಬಿದ್ದವು. ಅವನ್ನೂ ಸುಟ್ಟೆ. ಗಳಿಗೆಗೊಮ್ಮೆ ಕಂಕುಳು ಮುಟ್ಟಿ, ಪಿಲೇಗಿನ ಗೆಡ್ಡೆ ಎದ್ದಿದೆಯೋ ಎಂದು ನೋಡಿಕೊಳ್ಳುತ್ತಿದ್ದೆ.

ಯುದ್ಧದ ಕಾಲ, ದೀಪಕ್ಕೇ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಮಳವಳ್ಳಿಯವಳ ಮೂಗಿಗೆ ಅದರ ವಾಸನೆ ತಪ್ಪಲಿಲ್ಲ.

“ಅಕ್ಕ, ಎಲ್ಡ್ ದಿನದಿಂದ ಸೀಮೆಣ್ಣೆ ವಾಸ್ನೆ ಬತ್ತಾ ಅದೆ. ಇಲಿಗಿಲಿ ಬಿದ್ದಿಲ್ಲ ತಾನೆ?”

“ಇಲ್ಲ ಕಣವ್ವ. ಗೆದ್ಲು ಇಡ್ದಿತ್ತು, ಸುಟ್ಟೆ.”

ಅವಳು ನಂಬಿದಳು. ನಂಬಿದ್ದು ಕಂಡು ನನಗೆ ಇನ್ನೂ ಹೆದರಿಕೆಯಾಯಿತು. ಅಂಬೆಗಾಲಿಡುವ ಅವಳ ಮಗಳು ಇಲಿ ಬಿದ್ದಿದ್ದ ಜಾಗದಲ್ಲೇ ಕೂತು ಮಣ್ಣು ಕೆದಕಿ ಬಾಯಿಗಿಡುತ್ತಿದ್ದಳು. ನೋಡುತ್ತಾ ನಿಂತೆ. ಎಷ್ಟು ಹೊತ್ತು ನಿಂತೆ ಎಂದು ಹೇಳಲು ಈಗಲೂ ನನಗೆ ಮುಖವಿಲ್ಲ. ಆಮೇಲೆ ಮಗುವನ್ನು ಎತ್ತಿ ಅವಳ ಕೈಗೆ ಕೊಟ್ಟೆ.

“ಮೂರ್ ಬಿದ್ದವೆ. ಈಗ್ಲೇ ಓಗು” ಅಂದೆ.

“ನಿನ್ನೇನೇ ಗೊತ್ತಿತ್ತಾ ನಿಂಗೆ?” ಅಂದಳು. ಅಕ್ಕ ಎನ್ನುವುದನ್ನು ಬಿಟ್ಟಿದ್ದಳು.

ಮಧ್ಯಾಹ್ನದೊಳಗೆ ಕೋಣೆಗಳ ಸಾಲು ಖಾಲಿಯಾಯಿತು. ಮುನಿಸಿಪಾಲಿಟಿಯವರು ಬಂದು, ಒಳಗೆ ಬಿಸಿಲು ಬೀಳಲೆಂದು ಹೆಂಚು ಇಳಿಸಿದರು. ನಾನು ದಿನಾ ಮಳವಳ್ಳಿಯವರ ಗುಡಿಸಲಿದ್ದ ಹೊಲದ ಬದುವಿನ ತನಕ ಹೋಗುತ್ತಿದ್ದೆ. ಹತ್ತಿರ ಹೋಗಲು ಧೈರ್ಯವಿಲ್ಲ. ಮಗುವಿನ ಅಳು ಕೇಳಿಸಿದರೆ ವಾಪಸು ಬರುತ್ತಿದ್ದೆ.

ಎಂಟನೆಯ ದಿನ ಅಳು ಕೇಳಿಸಲಿಲ್ಲ. ಕಾದೆ, ಕೇಳಿಸಲಿಲ್ಲ. ಗುಡಿಸಲ ಬಾಗಿಲ ತನಕ ಹೋದೆ. ಅವಳು ಮಗುವಿನ ಬಾಯಿಗೆ ಗಂಜಿ ಇಡುತ್ತಿದ್ದಳು.

“ಬದ್ಕವ್ಳೆ” ಅಂದಳು, ತಲೆ ಎತ್ತಲಿಲ್ಲ. “ಓಗು, ನಮ್ ಭೋಗ್ಯದ್ ದುಡ್ಡು ಒಂದ್ಸಿ ಕೊಡು.”

ಜೋಡೆತ್ತು ಮಾರಿ ಕೊಟ್ಟೆವು. ಗಂಡ ಬೇರೆಯವರ ಗಾಡಿಗೆ ಕೂಲಿ ಹೋದ. ಅರ್ಧ ಎದ್ದ ಗೋಡೆ ಎರಡು ಮಳೆಗಾಲ ನೆನೆಯಿತು.