ಕೊಂಬಿನ ಹಿಡಿಯ ಮಡಚುಕತ್ತಿ

ನನ್ನ ಪೆಟ್ಟಿಗೆಯ ಕೊನೆಯ ಕತ್ತಿ ನಾನು ಕೊಂಡದ್ದಲ್ಲ.

ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳುತ್ತಿದ್ದವರು ಹಿಂದೆ ಒಂದು ಬಗೆಯ ಮಡಚುಕತ್ತಿ ತರುತ್ತಿದ್ದರು. ಬೆರಳುದ್ದ, ಕಪ್ಪು ಕೊಂಬಿನ ಹಿಡಿ, ಎರಡು ತುದಿಗೂ ಹಿತ್ತಾಳೆಯ ಕಟ್ಟು. ೧೯೯೭ರಲ್ಲಿ ಬ್ರಹ್ಮಾವರದ ಗುಜರಿ ಅಂಗಡಿಯಲ್ಲಿ ನನಗೆ ಮೊದಲನೆಯದು ಸಿಕ್ಕಿತು. ಆಮೇಲೆ ಆ ಬಗೆಯದನ್ನೇ ಹುಡುಕಿ ಅಂಗಡಿಯ ಪೆಟ್ಟಿಗೆಯಲ್ಲಿ ಕೂಡಿಡತೊಡಗಿದೆ. ಬೇರೆ ಕತ್ತಿಗಳ ಮೇಲೆ ಆಸೆ ಹುಟ್ಟಲಿಲ್ಲ.

ಕುಂದಾಪುರದಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ತ್ರಾಸಿಯ ಮೀನುಗಾರರೊಬ್ಬರು ಒಂದು ದಿನ ಅಂಥದೇ ಕತ್ತಿ ತಂದರು. ಅಲಗಿನ ಮೊಳೆ ಸಡಿಲವಾಗಿತ್ತು. ಟೇಬಲ್ ಗಡಿಯಾರದ ಉಕ್ಕಿನ ಕಡ್ಡಿಯೊಂದನ್ನು ಅರದಿಂದ ಉಜ್ಜಿ ಹೊಸ ಮೊಳೆ ಹಾಕಿದೆ. ಅದರ ಒಂದು ತುದಿ ತುಸು ಓರೆಯಾಯಿತು. ಕತ್ತಿಯನ್ನು ನಾನು ಮುಂದೆ ಚಾಚಿದಾಗ ಅವರು ಕೈ ಹಿಂದೆಳೆದುಕೊಂಡರು.

"ಹ್ವಾಯ್, ಕತ್ತಿ ಕೈಯಿಂದ ಕೈಗ್ ಕೊಡೂಕಾಗ. ಸ್ನೇಹ ಕಡಿತ್ತ್. ಕೆಳ್ಗ್ ಇಡಿ."

ಮೇಜಿನ ಮೇಲಿಟ್ಟೆ. ಎತ್ತಿಕೊಂಡರು.

"ಇದನ್ನು ನನಗೆ ಮಾರ್ತೀರಾ?" ಎಂದು ಕೇಳಿದೆ.

"ಎಂತಕ್ಕೆ? ನಿಮ್ಮ ಪೆಟ್ಗಿಯೊಳ್ಗ್ ಮಲ್ಕಂಬುಕಾ? ಅಪ್ಪಯ್ಯ ತಂದದ್ದ್ ಇದ್. ನಾ ಬದ್ಕಿಪ್ಪತನ್ಕ ಯಾರಿಗೂ ಕೊಡ್ತಿಲ್ಲೆ. ಸತ್ತ್ ಮೇಲ್ ನೀವೇ ತಕಣಿ."

ಬಾಗಿಲಲ್ಲಿ ಮೀನಿನ ಬುಟ್ಟಿ ಹಿಡಿದು ನಿಂತಿದ್ದ ಅವರ ಹೆಂಡತಿ, "ಇವ್ರ್ ಬಾಯಿಗೊಂದ್ ಮೊಳೆ ಹೊಡಿನಿ" ಅಂದರು. ಮೂವರೂ ನಕ್ಕೆವು. ಆಮೇಲೆ ಅವರು ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ಅವರು ಅದನ್ನೇ ಹೇಳುತ್ತಿದ್ದರು.

ಕೆಲವು ವರ್ಷಗಳ ನಂತರ ಒಂದು ಮಳೆಗಾಲದಲ್ಲಿ ಅವರ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು, ಅವರು ಬರಲಿಲ್ಲ. ತುಂಬ ದಿನಗಳಾದ ಮೇಲೆ ಬೈಂದೂರು ಕಡೆಯ ಕಡಲ ದಂಡೆಯಲ್ಲಿ ಒಂದು ಹೆಣ ಸಿಕ್ಕಿತು. ಮುಖ ಗುರುತಿಸುವಂತಿರಲಿಲ್ಲ. ಅವರ ಹೆಂಡತಿ ಒಪ್ಪಲಿಲ್ಲ. "ಇದ್ ಅವ್ರಲ್ಲ. ಬೇರೆ ದೋಣಿಯವ್ರ್ ಅವ್ರನ್ನ ಎತ್ಕಂಡ್ ಹೋಯಿಪ್ರ್" ಎಂದೇ ಹೇಳುತ್ತಿದ್ದರು. ಹೆಣದ ಸೊಂಟದ ದಾರದಲ್ಲಿ ಒಂದು ಮಡಚುಕತ್ತಿ ಇತ್ತು. ಅವರ ಕತ್ತಿಗೆ ಮೊಳೆ ಹಾಕಿದವನೆಂದು, ಅದನ್ನು ಗುರುತಿಸಲು ಪೊಲೀಸರು ನನ್ನನ್ನು ಠಾಣೆಗೆ ಕರೆಸಿದರು.

ಕತ್ತಿ ಮೇಜಿನ ಮೇಲೆ, ಹಳೆಯ ಪತ್ರಿಕೆಯೊಂದರ ಮೇಲಿತ್ತು. ಹಿತ್ತಾಳೆ ಹಸಿರುಗಟ್ಟಿತ್ತು. ಅಲಗು ತೆರೆಯಲಿಲ್ಲ. ಮಸೂರ ಕಣ್ಣಿಗಿಟ್ಟು ಮೊಳೆಯನ್ನು ನೋಡಿದೆ. ಓರೆಯಾದ ತುದಿ ಕಂಡಿತು. ಅವರು ಸತ್ತಿದ್ದರೆ ಈ ಕತ್ತಿ ನನ್ನದು, ಅವರೇ ಹೇಳಿದ್ದಾರೆ. ಕಾಣಬೇಕೆಂಬ ಆಸೆಗೆ ಕಂಡದ್ದೋ ಎಂದು ಹೆದರಿ ಮಸೂರ ಒರೆಸಿ ಮತ್ತೆ ನೋಡಿದೆ. ಮೊಳೆ ನಾನು ಹಾಕಿದ್ದೇ.

"ಕತ್ತಿ ಅವರದು. ದೇಹ ಯಾರದೆಂದು ನಾನು ಹೇಳಲಾರೆ" ಎಂದೆ.

ಗೋಡೆಗೆ ಒರಗಿ ನಿಂತಿದ್ದ ಅವರ ಹೆಂಡತಿ ನನ್ನನ್ನೇ ನೋಡಿದರು. "ಬೇರೆಯವ್ರಿಗ್ ಕೊಟ್ಟಿಪ್ರಾ? ದೋಣಿಯೊಳ್ಗ್ ಯಾರಾರೂ ಕೇಂಡಿದ್ರೆ?"

ಉತ್ತರ ಅವರಿಗೂ ಗೊತ್ತಿತ್ತು. ಆದರೂ ನನ್ನನ್ನು ಕೇಳಿದರು. ಕೊಟ್ಟಿರಬಹುದು ಅಂದಿದ್ದರೆ ಅವರು ಮನೆಗೆ ಹೋಗಿ ಇನ್ನಷ್ಟು ದಿನ ಕಾಯುತ್ತಿದ್ದರು.

"ಕೊಡ್ತಿರ್ಲಿಲ್ಲ" ಅಂದೆ.

ಅವರು ಅಲ್ಲೇ ನೆಲದ ಮೇಲೆ ಕೂತರು.

ಉತ್ತರಕ್ರಿಯೆಗಳೆಲ್ಲ ಮುಗಿದು, ಠಾಣೆಯವರು ಕತ್ತಿ ಮರಳಿಸಿದ ಮೇಲೆ ಆಕೆ ಅಂಗಡಿಗೆ ಬಂದರು. ಸೆರಗಿನ ಗಂಟಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು.

"ಅವ್ರ್ ಹೇಳಿದ್ದಲ್ದಾ."

"ಅದು ತಮಾಷೆಗೆ. ಮನೆಯಲ್ಲೇ ಇರಲಿ" ಎಂದೆ.

"ನೀವ್ ಹೇಳಿದ್ದನ್ನ ನಂಬಿ ಕುಂಕುಮ ಅಳಿಸ್ಕಂಡೆ. ಈಗ ನೀವೇ ತಕಣ್ದೇ ಇದ್ರೆ ನಾ ಎಂತ ನಂಬುದ್?"

ನಾನು ಮೇಜಿನ ಮೇಲಿಂದ ಕತ್ತಿಯನ್ನು ಎತ್ತಿಕೊಳ್ಳುವವರೆಗೂ ಅವರು ಬಾಗಿಲಲ್ಲೇ ನಿಂತಿದ್ದರು.