ಕಾಯುವ ತಂತಿಗಳು

ನಮ್ಮ ಚಿಕ್ಕಮ್ಮ ಆಲೂಗಡ್ಡೆಗೆ ಕರೆಂಟು ಹೊಡೆಸುವ ಕೆಲಸ ಮಾಡುತ್ತಾಳೆ. ಯಾರು ಕೇಳಿದರೂ ಹೀಗೇ ಹೇಳುತ್ತಾಳೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ. ನಿಜಕ್ಕೂ ಅದು ಅಷ್ಟೇ. ಚಿಪ್ಸ್ ಕಾರ್ಖಾನೆಯಲ್ಲಿ ಗಡ್ಡೆಯನ್ನು ನೀರಲ್ಲಿ ಮುಳುಗಿಸಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುವ ಸಾವಿರಾರು ವೋಲ್ಟಿನ ಏಟು ಕೊಟ್ಟರೆ, ಅದು ಒಳಗೊಳಗೇ ಮೆತ್ತಗಾಗಿ ಅಲಗಿಗೆ ಸಲೀಸಾಗಿ ಸಿಗುತ್ತದೆ. ಆ ಏಟಿನ ಸರ್ಕ್ಯೂಟ್ ರೂಪಿಸುವವಳು ಅವಳು.

ಆ ಕಾರ್ಖಾನೆಯ ವರ್ಕ್‌ಶಾಪಿನಲ್ಲೇ ಚಿಕ್ಕಪ್ಪ ಹಳೆಯ ಯಂತ್ರ ನಡೆಸುತ್ತಾನೆ. ಅದರ ಸ್ವಿಚ್ಚೆಂದರೆ ಎರಡು ಲೋಹದ ಗುಂಡು; ನಡುವೆ ಕಿಡಿ ಹಾರಿದಾಗಲೆಲ್ಲ ಪಟಾರೆಂದು ಸದ್ದು. ಆ ಸದ್ದು ಅವನ ಎಡಗಿವಿಯನ್ನು ತಿಂದುಹಾಕಿತ್ತು. ಬಲಗಿವಿಯೂ ಮಂದವಾಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ, ತಯಾರಾಗುತ್ತಿದ್ದ ಹೊಸ ಯಂತ್ರಕ್ಕೆ ಕಿಡಿಯಿಲ್ಲದ ಸ್ವಿಚ್ ಮಾಡಲು ಚಿಕ್ಕಮ್ಮ ಹಟ ತೊಟ್ಟಳು.

ಕಿಡಿಯಿಲ್ಲದೆ ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್ ಒಂದೇ ಅಷ್ಟು ವೋಲ್ಟೇಜನ್ನು ತಡೆಯಲಾರದು. ಹತ್ತಾರನ್ನು ಸಾಲಾಗಿ ಜೋಡಿಸಿ ಭಾರ ಹಂಚಿದಳು. ಎಲ್ಲವೂ ಒಂದೇ ಕ್ಷಣಕ್ಕೆ ಆನ್ ಆಗಬೇಕು. ಆದರೆ ಪ್ರತಿಸಲವೂ ಸಾಲಿನ ಕೊನೆಯದೇ ಸುಟ್ಟುಹೋಗುತ್ತಿತ್ತು. ಇನ್ನೂ ಚುರುಕಾದದ್ದನ್ನು ತಂದು ಹಾಕಿದಳು. ಅದೂ ಸುಟ್ಟಿತು. ಈ ವಾರವೂ ಆಗದಿದ್ದರೆ ಹೊಸ ಯಂತ್ರಕ್ಕೂ ಕಿಡಿಯ ಸ್ವಿಚ್ಚೇ ಗತಿ ಎಂದು ಮಾಲೀಕರು ಹೇಳಿಬಿಟ್ಟರು. ಅದನ್ನು ನಡೆಸಬೇಕಾದವನೂ ಚಿಕ್ಕಪ್ಪನೇ.

“ನನ್ನ ಗುಂಡುಗಳನ್ನ ನೋಡು, ಒಂದಿನಾನೂ ರಜೆ ಕೇಳಿಲ್ಲ,” ಎಂದು ಊಟಕ್ಕೆ ಕೂತಾಗ ಅವನು ರೇಗಿಸಿದ.

“ಹೌದ್ರೀ, ನಿಮ್ಮ ಕಿವಿಗೇ ರಜೆ ಕೊಟ್ಬಿಟ್ವು.”

“ಏನಂದೆ?”

ನಾವು ಯಾರೂ ನಗಲಿಲ್ಲ. ಹಿಂದೊಮ್ಮೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ಚಿಕ್ಕಪ್ಪ ಒಬ್ಬನೇ ನಕ್ಕು, ಆಮೇಲೆ ತಟ್ಟೆ ನೋಡುತ್ತ ಕೂತಿದ್ದ. ಅಂದಿನಿಂದ, ಮಾತು ಅವನಿಗೆ ಮುಟ್ಟುವ ತನಕ ನಗು ತಡೆದುಕೊಳ್ಳುವುದು ನಮ್ಮ ಮನೆಯ ರೂಢಿ. ಅಜ್ಜಿ ತುಟಿ ಕಚ್ಚಿಕೊಂಡಳು. ಚಿಕ್ಕಮ್ಮ ಅವನ ಬಲಗಿವಿಯ ಬಳಿ ಬಾಗಿ ಇನ್ನೊಮ್ಮೆ ಹೇಳಿದಳು.

“ಥೂ, ನಿನ್ನ!” ಎಂದು ಅವನು ನಕ್ಕ. ಇಡೀ ಮನೆ ಒಟ್ಟಿಗೆ ನಕ್ಕಿತು.

ಚಿಕ್ಕಮ್ಮ ನಗುನಗುತ್ತಲೇ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. “ಕಾಯ್ಬೇಕು,” ಎಂದಳು.

“ಯಾರು ಕಾಯ್ಬೇಕೇ?” ಅಜ್ಜಿ ಕೇಳಿದಳು.

“ಹತ್ತಿರದವು.”

ಮರುದಿನ ನಾನೂ ವರ್ಕ್‌ಶಾಪಿಗೆ ಹೋದೆ. ವೇಗದ ಸರ್ಕ್ಯೂಟಿನಲ್ಲಿ ತಂತಿ ಗಿಡ್ಡವಿದ್ದಷ್ಟೂ ಒಳ್ಳೆಯದೆಂಬುದು ಅವಳ ಕೈಗೆ ಹತ್ತಿದ ಅಭ್ಯಾಸ. ಹಾಗಾಗಿ ಆನ್ ಆಗೆಂಬ ಸಂಕೇತ ಹೊರಡುವಲ್ಲಿಗೆ ಹತ್ತಿರದ ಟ್ರಾನ್ಸಿಸ್ಟರಿಗೆ ಗೇಣುದ್ದದ ತಂತಿ, ಕೊನೆಯದಕ್ಕೆ ಮಾರುದ್ದದ್ದು. ಸಂಕೇತ ಕೊನೆಯದಕ್ಕೆ ತಲುಪುವಷ್ಟರಲ್ಲಿ ಉಳಿದವು ಆನ್ ಆಗಿ ಹೆಗಲು ತಪ್ಪಿಸಿಕೊಂಡಿರುತ್ತಿದ್ದವು. ಪೂರ್ತಿ ಭಾರ ಅದೊಂದರ ಮೇಲೆ. ಈಗ ಸಂಕೇತ ಎಲ್ಲಕ್ಕೂ ಒಟ್ಟಿಗೇ ಮುಟ್ಟಲೆಂದು ಎಲ್ಲಕ್ಕೂ ಮಾರುದ್ದದ ತಂತಿಯನ್ನೇ ಕತ್ತರಿಸಿ, ಹೆಚ್ಚಾದದ್ದನ್ನು ಅಂಕುಡೊಂಕಾಗಿ ಮಡಚಿ ಕಟ್ಟಿದಳು.

ಚಿಕ್ಕಪ್ಪ ಕಿವಿಮುಚ್ಚಳ ಹಾಕಿಕೊಂಡು ನಿಂತಿದ್ದ. ಅವಳು ಗುಂಡಿ ಒತ್ತಿದಳು.

“ಮತ್ತೆ ಸುಟ್ಟಿತೇನೇ?” ಎಂದ, ಯಾವ ಸದ್ದೂ ಬಾರದ್ದನ್ನು ಕಂಡು.

ಅವಳು ಕರೆಂಟು ತೆಗೆದು, ಎಂದಿನಂತೆ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಕೋಲು ಮುಟ್ಟಿಸಿ, ನೀರಿನಿಂದ ಆಲೂಗಡ್ಡೆಯ ಹೋಳೊಂದನ್ನು ತೆಗೆದು ಅವನ ಕೈಗಿಟ್ಟಳು. ಅವನು ಬಗ್ಗಿಸಿದ. ಹಸಿ ಹೋಳು ಲಟಕ್ಕನೆ ಮುರಿಯಬೇಕಿತ್ತು. ಬಿಲ್ಲಿನ ಹಾಗೆ ಬಾಗಿತು.

ಯಂತ್ರ ಸಂಜೆವರೆಗೂ ಓಡಿತು. ಕೊನೆಯ ಟ್ರಾನ್ಸಿಸ್ಟರ್ ಬೆಚ್ಚಗಿತ್ತು, ಅಷ್ಟೆ. ಮಾಲೀಕರು ಬಂದು ನೋಡಿ ಹೂಂ ಅಂದರು. ಚಿಕ್ಕಪ್ಪ ಕಿವಿಮುಚ್ಚಳವನ್ನು ಮೊಳೆಗೆ ನೇತುಹಾಕಿದ.

“ಸದ್ದೇ ಇಲ್ದಿರೋದನ್ನ ಹೇಗೇ ನಡೆಸೋದು? ನಿದ್ದೆ ಬರುತ್ತೆ.”

“ಪಕ್ಕದಲ್ಲೇ ಕೂತು ಬೈತಿರ್ತೀನಿ ಬಿಡಿ,” ಎಂದಳು, ಅವನ ಬಲಗಿವಿಯ ಪಕ್ಕದಿಂದಲೇ, ಕತ್ತೆತ್ತದೆ, ಮೆಲ್ಲಗೆ.

ಅವನು ಏನಂದೆ ಎನ್ನಲಿಲ್ಲ. ನನಗಿಂತ ಮೊದಲೇ ನಕ್ಕ.