ಪ್ರದರ್ಶನಕ್ಕೆ ಹೊರಟ ಹುಂಜ

ಮೊನ್ನೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಾಗ ಗಾಳಿಯ ಜೊತೆ ಆ ವಾಸನೆ ಬಂತು. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಹುಳವನ್ನು ಗೋಣಿಚೀಲದ ಮೇಲೆ ಬಿಸಿಲಿಗೆ ಹರಡಿದರೆ ಏಳುವ ನಾತ. ಜೊತೆಗಿದ್ದ ಮಗಳು ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಎದೆ ಢವಢವ ಅಂದಿತು. ನಾತಕ್ಕೆ ಯಾರಾದರೂ ಹೆದರುತ್ತಾರೆಯೇ ಎಂದು ನೀವು ನಗಬಹುದು... ನಗಿ. ಪಕ್ಕದ ಮನೆಯ ದೊಡ್ಡವ್ವನ ಹುಂಜವನ್ನು ನೀವು ನೋಡಿಲ್ಲ.

ಆಗ ಎಂಬತ್ತರ ದಶಕದ ಕೊನೆ. ನಾನು ಹೊಸದಾಗಿ ಮದುವೆಯಾಗಿ ಆ ಬೀದಿಗೆ ಬಂದವಳು. ದೊಡ್ಡವ್ವ ನನಗೆ ರಕ್ತಸಂಬಂಧಿಯೇನಲ್ಲ, ಬೀದಿಗೆಲ್ಲ ದೊಡ್ಡವ್ವ. ಗಂಡ ಇರಲಿಲ್ಲ, ಮಕ್ಕಳೂ ಇಲ್ಲ. ರೇಷ್ಮೆ ನೂಲು ತೆಗೆಯುವ ಕಡೆ ಬೇಸಿನ್ ಮುಂದೆ ಕೂತು, ಅದರ ಕುದಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕುವುದು ಅವರ ಕೆಲಸ. ಬೆರಳುಗಳೆಲ್ಲ ಬೆಳ್ಳಗೆ ನೆನೆದು ಬಿರಿದಿದ್ದವು. ಸಾರಿನ ಖಾರ ತಾಗಿದರೆ ಕೈ ಕೊಡವುತ್ತಿದ್ದರು. ಅದಕ್ಕೇ ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗುತ್ತಿದ್ದರು.

ಆ ವರ್ಷ ಪಶು ಆಸ್ಪತ್ರೆಯ ಮೈದಾನದ ಜಾನುವಾರು ಪ್ರದರ್ಶನದಲ್ಲಿ ನಾಟಿ ಕೋಳಿಗೂ ಬಹುಮಾನ ಎಂದರು. ಗೆದ್ದವರಿಗೆ ಹೆಚ್ಚು ಮೊಟ್ಟೆ ಇಡುವ ಜಾತಿಯ ಮರಿಗಳು, ಒಂದು ಪಂಜರ ತುಂಬ.

“ಆ ಮರಿ ಬಂದ್ಬುಟ್ರೆ ಮೊಟ್ಟೆ ಮಾರ್ಕಂಡು ಬದುಕ್ತೀನಿ ಕಣ್ ಮಗಾ. ಬೇಸಿನ್ ತಾವ್ಕೆ ಇನ್ನ ಓಗಾಕಿಲ್ಲ” ಅಂದರು ದೊಡ್ಡವ್ವ.

ಅಂದಿನಿಂದ ಹುಂಜಕ್ಕೆ ರಾಜೋಪಚಾರ. ಬೆಳಿಗ್ಗೆ ನೆನೆಸಿದ ರಾಗಿ, ಮಧ್ಯಾಹ್ನಕ್ಕೆ ಹೆಚ್ಚಿದ ನುಗ್ಗೆಸೊಪ್ಪು, ಸಂಜೆ ಒಡೆದ ಜೋಳದ ಜೊತೆ ಬೇಸಿನ್ನಿನಿಂದ ತಂದ ಹುಳ. ಹುಳ ತಿಂದರೆ ರೆಕ್ಕೆಗೆ ಹೊಳಪು, ಜುಟ್ಟಿಗೆ ಕೆಂಪು. ಹೆಚ್ಚಾದರೆ ಭೇದಿ, ಅದಕ್ಕೇ ಒಂದು ಹಿಡಿ ಮಾತ್ರ. ಹುಳಕ್ಕೆ ಅಂಟಿಕೊಂಡ ತೆಳು ರೇಷ್ಮೆ ಪೊರೆಯನ್ನು ಒಂದೊಂದಾಗಿ ಬಿಡಿಸಿಯೇ ಹಾಕುತ್ತಿದ್ದರು. ಹುಂಜವೂ ಹಾಗೇ ಬೆಳೆಯಿತು. ಕತ್ತಿನ ಗರಿ ಬಿಸಿಲಿಗೆ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ನಾನೋ ಮೊದಲೇ ಪುಕ್ಕಲು. ಬೆಕ್ಕು ಹಿಡಿದೀತೇ, ಪಕ್ಕದ ಬೀದಿಯವರ ಕಣ್ಣು ಬಿದ್ದೀತೇ ಎಂದು ಅನ್ನ ಸೇರುತ್ತಿರಲಿಲ್ಲ. ಹನೂರಿನಿಂದ ಬಂದ ದೊಡ್ಡವ್ವನ ಮೈದುನ ಹುಂಜವನ್ನು ಕಂಡು ಮೀಸೆ ತೀಡಿದಾಗಲಂತೂ, ಆತ ಬಸ್ಸು ಹತ್ತುವವರೆಗೆ ನಾನು ಜಗಲಿ ಬಿಟ್ಟು ಏಳಲಿಲ್ಲ.

ಪ್ರದರ್ಶನದ ಹಿಂದಿನ ದಿನ ದೊಡ್ಡವ್ವ ಕೆಲಸದಿಂದ ಬಂದಾಗ ಕತ್ತಲಾಗುತ್ತಿತ್ತು. ವರ್ಷಗಟ್ಟಲೆ ಹಬೆಗೆ ಕೂತ ಕಣ್ಣು ಮಂಜಾಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬೇಸಿನ್ ಕೆಲಸವೂ ಹೋಗುತ್ತಿತ್ತು. ಆ ಮಬ್ಬಿನಲ್ಲೇ ಹುಳ ಬಿಡಿಸಿ ಹಾಕಿದರು...

ಬೆಳಿಗ್ಗೆ ಗೋಡೆಯಾಚೆಯಿಂದ ಕೂಗಿದರು. “ಮಗಾ, ಬಾ ಇಲ್ಲಿ. ಇದ ಮುಟ್ಟು.”

ಹುಂಜ ಮೈ ಮುದುಡಿ ನಿಂತಿತ್ತು. ಕೊರಳ ಬುಡದಲ್ಲಿ ಮೇವಿನ ಚೀಲ ನಿಂಬೆಹಣ್ಣಿನಷ್ಟು ಗಟ್ಟಿ.

“ಪೊರೆ ಉಳ್ಕಬುಟ್ಟದೆ. ಎಳೆ ವಳ್ಗೆ ಸುತ್ಕಂಡದೆ.”

ಆದರೂ ಹೊರಗಿಂದ ನೋಡಿದರೆ ಹೊಳಪಿಗೆ ಏನೂ ಕಮ್ಮಿಯಿರಲಿಲ್ಲ. “ಇಂಗೇ ತಕಂಡೋಗಿ ದೊಡ್ಡವ್ವ, ಬಹುಮಾನ ಬಂದ್ಮೇಲೆ ನೋಡ್ಕಂಡ್ರಾಯ್ತು” ಅಂದೆ. ಅವರು ಹುಂಜದ ಬೆನ್ನಿನ ಮೇಲೆ ಕೈಯಾಡಿಸಿದರು. ಮರಿಗಳ ಪಂಜರ ಅವರ ಕಣ್ಣ ಮುಂದೆ ಬಂದಿರಬೇಕು.

“ಉಸುರು ಕಟ್ಕಂಡಿರಾದ ತಕಂಡೋಗಿ ತೋರ್ಸದಾ? ಬ್ಯಾಡ ಬುಡು. ಅರಳೆಣ್ಣೆ ತತ್ತಾ.”

ಎಣ್ಣೆ ಕುಡಿಸಿ ಚೀಲವನ್ನು ನೀವಿದರು, ತಲೆ ಕೆಳಗೆ ಮಾಡಿ ಮತ್ತೆ ನೀವಿದರು. ಹುಂಜ ಒದ್ದಾಡಿತು, ಎಣ್ಣೆಯೆಲ್ಲ ಗರಿಯ ಮೇಲೆ ಚೆಲ್ಲಿತು. ಸತ್ತೇ ಹೋಯಿತು ಅಂದುಕೊಂಡೆ.

“ಎಳೆ ಕಾಣ್ತದಾ ನೋಡು ಮಗಾ. ನಂಗೆ ಕಾಣಾಕಿಲ್ಲ.”

ಕೊಕ್ಕು ಬಿಡಿಸಿ ನೋಡಿದರೆ ನಾಲಿಗೆಯ ಹಿಂದೆ ಬೆಳ್ಳಗೆ ಏನೋ ಕಂಡಿತು. ಅವರ ಬೆರಳನ್ನು ಹಿಡಿದು ಅಲ್ಲಿಗೆ ಮುಟ್ಟಿಸಿದೆ. ಮುಟ್ಟಿದ್ದೇ ತಡ, ಬೆರಳು ತಾನಾಗಿ ತುದಿ ಹಿಡಿಯಿತು. ಮೆಲ್ಲಗೆ, ಹರಿಯದ ಹಾಗೆ ಎಳೆದರು. ಲೋಳೆ ಸುತ್ತಿದ ಉಂಡೆ ಹೊರಗೆ ಬಂತು. ಹುಂಜ ತಲೆ ಕೊಡವಿ ನೀರು ಕುಡಿಯಿತು.

ತಿಂಗಳುಗಟ್ಟಲೆ ಮೇಯಿಸಿ ತಂದ ಹೊಳಪೆಲ್ಲ ಗರಿಗೆ ಮೆತ್ತಿದ ಎಣ್ಣೆಯಲ್ಲಿ ಮುಚ್ಚಿ ಹೋಗಿತ್ತು. ಬೀದಿಯಲ್ಲಿ ಜನ ಸಿಂಗರಿಸಿದ ಎತ್ತು ಹೊಡೆದುಕೊಂಡು ಮೈದಾನದ ಕಡೆ ಹೋಗುತ್ತಿದ್ದರು. “ಬದುಕ್ತು ಬುಡು” ಅಂದರು ದೊಡ್ಡವ್ವ. ಅತ್ತವಳು ನಾನು. ಮರುದಿನ ಅವರು ಬುತ್ತಿ ಕಟ್ಟಿಕೊಂಡು ಬೇಸಿನ್ನಿಗೆ ಹೊರಟರು.

ಆಮೇಲೆ ನಮ್ಮವರಿಗೆ ಬೇರೆ ಊರಿಗೆ ವರ್ಗವಾಯಿತು. ಬರುತ್ತೇನೆ, ಬರುತ್ತೇನೆ ಎನ್ನುತ್ತಲೇ ವರ್ಷಗಳು ಕಳೆದವು...

ಮೊನ್ನೆ ಆ ಬೀದಿಗೆ ಹೋದೆ. ದೊಡ್ಡವ್ವನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಬಾಗಿಲಿಗೆ ಬಂದ ಹೆಂಗಸು, “ಆವಮ್ಮ ಓಗಿ ಬಾಳ ವರ್ಸ ಆಯ್ತು ಕಣಕ್ಕ” ಅಂದರು.

“ಕೊನೆಗೆ ಏನು ಮಾಡ್ಕೊಂಡಿದ್ರು?” ಎಂದು ಕೇಳಿದೆ.

“ಬೇಸಿನ್ ಕೆಲ್ಸಾನೇ ಕಣಕ್ಕ. ಕಣ್ಣು ಪೂರಾ ಓಗಿದ್ರೂವೆ ಬೆರಳಲ್ಲೇ ಎಳೆ ಇಡೀತಿದ್ರಂತೆ.”

ಆಕೆ ಅದನ್ನು ಮೆಚ್ಚುಗೆಯಿಂದಲೇ ಹೇಳಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.